ಘಟ್ಟ ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ
ಮಂಗಳೂರಿನಿಂದ ಒಂದು ದಿನದ, ಎರಡು ದಿನದ ಕಾರು ಪ್ರವಾಸ ಹೊಂದಿಸುವ ಬಗೆ

ಕೊಟ್ಟಿಗೆಹಾರದ ನೀರುದೋಸೆಗೆ ಒಂದೇ ಒಂದು ದೋಷ. ನಾಲ್ಕಕ್ಕೆ ನಿಲ್ಲಿಸಲು ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರಿನ ಕೊನೆಯ ಭಾನುವಾರ ಚಿಕ್ಕಮಗಳೂರು ಸುತ್ತಿ ಮಂಗಳೂರಿಗೆ ವಾಪಸಾಗುತ್ತ ಅಲ್ಲಿ ನಿಂತಿದ್ದೆವು. ಐದು ಗಂಟೆಗೆ ಏಳಬೇಕಿದ್ದವರು ಇನ್ನೊಂದು ಸುತ್ತು, ಮತ್ತೊಂದು ಚಾ ಎನ್ನುತ್ತ ಏಳುವಾಗ ಆರೂ ಕಾಲು. ಗಲ್ಲಾದಲ್ಲಿದ್ದವರು ಚಿಲ್ಲರೆ ಕೊಡುತ್ತ, “ಬೇಗ ಇಳೀರಿ ಮಾರಾಯ್ರೆ, ಮಂಜು ಕೂತ್ರೆ ಮತ್ತೆ ಏಳೂದಿಲ್ಲ” ಅಂದರು. ಮಂಜು ಆಗಲೇ ಕೂತಿತ್ತು.

ಚಾರ್ಮಾಡಿ ಘಟ್ಟದ ಎರಡನೇ ತಿರುವಿಗೆ ಬಾನೆಟ್‌ನ ತುದಿ ಕಾಣದಾಯಿತು. ಭಾವ ಎಡಗಡೆಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯಂಚಿನ ಬಿಳಿ ಗೆರೆ ನೋಡುತ್ತ “ಸ್ವಲ್ಪ ಬಲಕ್ಕೆ, ಇನ್ನೂ ಬಲಕ್ಕೆ” ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕನ ಮಗ ತಿಂದ ದೋಸೆಯನ್ನೆಲ್ಲ ವಾಪಸು ಕೊಟ್ಟ. ಮುಕ್ಕಾಲು ಗಂಟೆಯಲ್ಲಿ ಇಳಿಯುವ ಘಟ್ಟಕ್ಕೆ ಅವತ್ತು ಎರಡು ಗಂಟೆ ಹಿಡಿಯಿತು. ಕೆಳಗೆ ತಲುಪಿದ ಮೇಲೂ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಪ್ರವಾಸದ ಲೆಕ್ಕ ತಲೆಕೆಳಗಾಗಿದೆ. ಎಷ್ಟು ಹೊತ್ತಿಗೆ ಹೊರಡುವುದು ಎಂದು ಯಾರೂ ಮೊದಲು ಕೇಳುವುದಿಲ್ಲ. ಘಟ್ಟದ ಬುಡಕ್ಕೆ ಎಷ್ಟು ಹೊತ್ತಿಗೆ ಬಂದಿರಬೇಕು ಎಂದು ಮೊದಲು ಬರೆದಿಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇವೆ. ಉಳಿದ ಯೋಜನೆಯೆಲ್ಲ ಆ ಒಂದು ಸಂಖ್ಯೆಯಿಂದ ಹುಟ್ಟುತ್ತದೆ.

ಊರಿನ ನಕ್ಷೆ ಮೊದಲು ಅರ್ಥವಾಗಲಿ

ಮಂಗಳೂರಿನಿಂದ ಹೊರಡುವ ದಾರಿಗಳು ಎರಡೇ ಜಾತಿಯವು. ಒಂದು, ಸಮುದ್ರದ ದಾರಿ. ರಾಷ್ಟ್ರೀಯ ಹೆದ್ದಾರಿ 66 ಉತ್ತರಕ್ಕೆ ಉಡುಪಿ, ಕುಂದಾಪುರ, ಮುರುಡೇಶ್ವರ, ಗೋಕರ್ಣ, ಕಾರವಾರದತ್ತ ಹೋಗುತ್ತದೆ. ದಕ್ಷಿಣಕ್ಕೆ ತಲಪಾಡಿ ಗಡಿ ದಾಟಿ ಕಾಸರಗೋಡು, ಬೇಕಲದ ಕಡೆಗೆ. ಇನ್ನೊಂದು, ಘಟ್ಟದ ದಾರಿ. ಮುಖ್ಯವಾದವು ಐದು: ಗುಂಡ್ಯದಿಂದ ಶಿರಾಡಿ ಹತ್ತಿ ಸಕಲೇಶಪುರ, ಉಜಿರೆಯಿಂದ ಚಾರ್ಮಾಡಿ ಹತ್ತಿ ಮೂಡಿಗೆರೆ, ಸುಳ್ಯದಿಂದ ಸಂಪಾಜೆ ಹತ್ತಿ ಮಡಿಕೇರಿ, ಕಾರ್ಕಳದಿಂದ ಮಾಳ ಹತ್ತಿ ಕುದುರೆಮುಖ, ಹೆಬ್ರಿಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿ.

ಈ ಎರಡು ಜಾತಿಯ ದಾರಿಗಳಿಗೆ ಗಡಿಯಾರವೂ ಬೇರೆ. ಸಮುದ್ರದ ದಾರಿ ಸಮತಟ್ಟು, ರಾತ್ರಿಯಾದರೂ ಮನೆ ಸೇರಬಹುದು. ಆದ್ದರಿಂದ ಸೂರ್ಯಾಸ್ತವನ್ನು ಕೊನೆಯ ಕಾರ್ಯಕ್ರಮವಾಗಿ ಇಟ್ಟುಕೊಳ್ಳಬಹುದು. ಘಟ್ಟದ ದಾರಿಯಲ್ಲಿ ಸೂರ್ಯಾಸ್ತ ಎಂದರೆ ಗೇಟು ಮುಚ್ಚಿದ ಹಾಗೆ. ಮಂಗಳೂರಿನಲ್ಲಿ ಡಿಸೆಂಬರಿನ ಸೂರ್ಯ ಆರೂ ಕಾಲಿನೊಳಗೆ ಮುಳುಗುತ್ತಾನೆ; ಜೂನಿನಲ್ಲಿ ಏಳರ ಹತ್ತಿರ. ಆದರೆ ಜೂನಿನಲ್ಲಿ ಘಟ್ಟದ ಕಾಡಿನೊಳಗೆ ಸೂರ್ಯ ಮುಳುಗುವ ಮೊದಲೇ ಕತ್ತಲು. ಹಾಗಾಗಿ ವರ್ಷವಿಡೀ ಸಲ್ಲುವ ಒಂದೇ ನಿಯಮ: ಸಂಜೆ ಆರಕ್ಕೆ ಘಟ್ಟದ ಬುಡದಲ್ಲಿರಬೇಕು. ಚಾರ್ಮಾಡಿಗೆ ಉಜಿರೆ, ಶಿರಾಡಿಗೆ ಗುಂಡ್ಯ, ಸಂಪಾಜೆಗೆ ಸುಳ್ಯ, ಮಾಳಕ್ಕೆ ಬಜಗೋಳಿ, ಆಗುಂಬೆಗೆ ಸೋಮೇಶ್ವರ.

ಹಿಂದಕ್ಕೆ ಎಣಿಸುವ ಬಗೆ

ಸಕಲೇಶಪುರ ಮಂಗಳೂರಿನಿಂದ ಸುಮಾರು 130 ಕಿ.ಮೀ. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ನೋಡಬೇಕು, ಒಂದು ಕಾಫಿ ತೋಟ ಸುತ್ತಬೇಕು ಎಂದುಕೊಳ್ಳಿ. ಆರಕ್ಕೆ ಗುಂಡ್ಯ. ಇಳಿಯಲು ಒಂದು ಗಂಟೆ, ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಎಂದು ಅರ್ಧ ಗಂಟೆ ಹೆಚ್ಚು. ಅಂದರೆ ನಾಲ್ಕೂವರೆಗೆ ಸಕಲೇಶಪುರ ಬಿಡಬೇಕು. ಊಟಕ್ಕೆ ಒಂದು ಗಂಟೆ, ಕೋಟೆಗೆ ಒಂದೂವರೆ, ತೋಟಕ್ಕೆ ಎರಡು, ನಡುವಿನ ಓಡಾಟಕ್ಕೆ ಒಂದು ಗಂಟೆ. ಅಲ್ಲಿಗೆ ಬೆಳಿಗ್ಗೆ ಹನ್ನೊಂದರ ಮೊದಲು ತಲುಪಿರಬೇಕು. ಹೋಗಲು ಮೂರೂವರೆ ಗಂಟೆ, ತಿಂಡಿಗೆ ಮುಕ್ಕಾಲು. ಆರೂಮುಕ್ಕಾಲರೊಳಗೆ ಮಂಗಳೂರಿನ ಪಂಪ್‌ವೆಲ್ ದಾಟಿರಬೇಕು ಎಂದಾಯಿತು. ಮನೆಯಲ್ಲಿ “ಎಂಟಕ್ಕೆ ಹೊರಟರೆ ಸಾಕಲ್ಲ” ಎಂದವರಿಗೆ ಈ ಚೀಟಿ ತೋರಿಸಿದರೆ ಸಾಕು, ವಾದವಿಲ್ಲ.

ಎಣಿಸುವಾಗ ಕಿಲೋಮೀಟರನ್ನು ಗಂಟೆಯಾಗಿ ಬದಲಿಸುವ ಲೆಕ್ಕ ಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 45–50 ಕಿ.ಮೀ., ಮೂಡುಬಿದಿರೆ–ಕಾರ್ಕಳದಂಥ ಒಳರಸ್ತೆಯಲ್ಲಿ 35–40, ಘಟ್ಟದಲ್ಲಿ 25. ಮಕ್ಕಳು, ಹಿರಿಯರು ಇದ್ದರೆ ಪ್ರತಿ ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷದ ನಿಲುಗಡೆ. ಫೋನಿನ ಮ್ಯಾಪ್ ತೋರಿಸುವ ಹೊತ್ತಿಗೆ ಅದರ ಕಾಲು ಭಾಗ ಸೇರಿಸಿ. ಹೋಗಿ ಬರುವ ಪ್ರಯಾಣವೇ ಏಳು ಗಂಟೆ ಮೀರಿದರೆ ಅದು ಒಂದು ದಿನದ ಪ್ರವಾಸವಲ್ಲ, ಬರೀ ಡ್ರೈವಿಂಗ್. ಸಕಲೇಶಪುರವೇ ಈ ಗಡಿಯ ಮೇಲಿದೆ. ಚಿಕ್ಕಮಗಳೂರು, ಮಡಿಕೇರಿಯನ್ನು ಎರಡು ದಿನಕ್ಕೆ ಬಿಡುವುದು ಒಳ್ಳೆಯದು.

ಇನ್ನೊಂದು ಸಣ್ಣ ಲೆಕ್ಕ ಸೂರ್ಯನದು. ಬೆಳಿಗ್ಗೆ ಉಡುಪಿ ಕಡೆಗೆ ಹೋಗುವಾಗ ಬಿಸಿಲು ಬಲಗಡೆಯಿಂದ. ಸಂಜೆ ವಾಪಸು ಬರುವಾಗಲೂ ಬಲಗಡೆಯಿಂದಲೇ. ಹಾಗಾಗಿ ಅಜ್ಜಿ, ಮಗುವನ್ನು ಎಡಗಡೆ ಕೂರಿಸಿದರೆ ಎರಡೂ ಸಲ ನೆರಳು, ಹೋಗುವಾಗ ಸಮುದ್ರವೂ ಅದೇ ಬದಿಗೆ. ಘಟ್ಟದ ಪ್ರವಾಸದಲ್ಲಿ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಓಡಿಸುವುದರಿಂದ ಎರಡೂ ಹೊತ್ತು ಬಿಸಿಲು ಚಾಲಕನ ಕಣ್ಣಿಗೆ. ಹೊರಡುವ ಮೊದಲು ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ.

ಸಮುದ್ರದ ದಿನ: ದೂರದ್ದು ಮೊದಲು

ಕರಾವಳಿಯ ಪ್ರವಾಸದಲ್ಲಿ ಹೆಚ್ಚಿನವರು ಮಾಡುವ ತಪ್ಪು, ದಾರಿಯಲ್ಲಿ ಸಿಕ್ಕ ಸಿಕ್ಕಲ್ಲಿ ನಿಲ್ಲುತ್ತ ಹೋಗುವುದು. ಪಡುಬಿದ್ರಿಯಲ್ಲಿ ಒಂದು ಗಂಟೆ, ಕಾಪುವಿನಲ್ಲಿ ಒಂದು ಗಂಟೆ, ಮಲ್ಪೆ ಮುಟ್ಟುವಾಗ ನಡುಮಧ್ಯಾಹ್ನ, ಕಾಲಿಟ್ಟರೆ ಮರಳು ಕಾವಲಿ. ಇದನ್ನು ತಿರುಗಿಸಿ. ಬೆಳಿಗ್ಗೆ ನೇರವಾಗಿ ಅತಿ ದೂರದ ಜಾಗಕ್ಕೆ ಹೋಗಿ, ಮನೆಯತ್ತ ಬರುತ್ತ ಒಂದೊಂದೇ ನೋಡಿ.

ಒಂದು ಮಾದರಿ ಇಲ್ಲಿದೆ. ಆರೂವರೆಗೆ ಹೊರಟು, ಉಡುಪಿಯಲ್ಲಿ ತಿಂಡಿ ಮುಗಿಸಿ, ಹತ್ತರೊಳಗೆ ಮರವಂತೆ. ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ನೋಡಲು ಚೆಂದ, ಆದರೆ ಅಲೆ ಬಿರುಸು, ಇಲ್ಲಿ ಈಜಬೇಡಿ. ಹನ್ನೆರಡೂವರೆಗೆ ಕುಂದಾಪುರದಲ್ಲಿ ಊಟ. ಮೀನೂಟದ ಹೋಟೆಲುಗಳಲ್ಲಿ ಒಳ್ಳೆಯ ಮೀನು ಎರಡು ಗಂಟೆಯೊಳಗೆ ಖಾಲಿಯಾಗುತ್ತದೆ, ಆಮೇಲೆ ಹೋದವರಿಗೆ ಸಾರು ಮಾತ್ರ. ಬಿಸಿಲು ಇಳಿಯುವ ತನಕ ಉಡುಪಿ ರಥಬೀದಿ. ಸಂಜೆ ಕಾಪು. 1901ರ ದೀಪಸ್ತಂಭ ಹತ್ತಲು ಸಂಜೆ ಹೊತ್ತಿಗೆ ಬಿಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಮಂಗಳೂರಿಗೆ ಉಳಿಯುವುದು 45 ಕಿ.ಮೀ. ಮಾತ್ರ. ಸಂತ ಮೇರಿ ದ್ವೀಪ ಸೇರಿಸುವುದಾದರೆ ಮರವಂತೆ ಬಿಟ್ಟು, ಬೆಳಿಗ್ಗೆಯ ಮೊದಲ ದೋಣಿಗಳಿಗೆ ಮಲ್ಪೆಯಲ್ಲಿರಿ. ಕಂಬ ಕಂಬವಾಗಿ ನಿಂತ ಆ ಲಾವಾ ಕಲ್ಲುಗಳ ಮೇಲೆ ನೆರಳೆಂಬುದಿಲ್ಲ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ.

ಮೀನಿಗೂ ಋತುವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹೋಟೆಲಿನ ಅಂಜಲಿನ ಬೆಲೆ ಕೇಳಿದ ಮೇಲೆಯೇ ಆರ್ಡರ್ ಕೊಡಿ.

ದಕ್ಷಿಣಕ್ಕೆ ಹೋಗುವವರಿಗೆ ಅರ್ಧ ದಿನವೂ ಸಾಕು. ಬೇಕಲ ಕೋಟೆ ಸುಮಾರು 65 ಕಿ.ಮೀ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆಯಾದ್ದರಿಂದ ಕೇರಳದಲ್ಲಿದ್ದರೂ ನಮಗೆ ಪರಕೀಯವಲ್ಲ. ದಾರಿಯಲ್ಲಿ ಕುಂಬಳೆ ಬಳಿ ಅನಂತಪುರದ ಕೆರೆ ದೇವಸ್ಥಾನ. ಅಲ್ಲಿ ಬಹುಕಾಲ ಇದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ಗಡಿಯಾಚೆಯ ಆರು ಪಥದ ಹೆದ್ದಾರಿಯಲ್ಲಿ ಒಂದು ಎಚ್ಚರ: ಬೇಕಾದ ಊರಿನ ಮೊದಲೇ ಸರ್ವಿಸ್ ರಸ್ತೆಗೆ ಇಳಿಯದಿದ್ದರೆ ತಿರುಗಿ ಬರಲು ಬಹಳ ದೂರ ಹೋಗಬೇಕಾಗುತ್ತದೆ. ಪೆಟ್ರೋಲ್ ಕರ್ನಾಟಕದಲ್ಲಿ ಅಗ್ಗ, ತಲಪಾಡಿಗೆ ಮೊದಲೇ ಹಾಕಿಸಿಕೊಳ್ಳಿ.

ಘಟ್ಟ ಹತ್ತದ ದಿನ: ಗೊಮ್ಮಟರ ಸುತ್ತು

ಮನೆಯಲ್ಲಿ ಹಿರಿಯರಿದ್ದರೆ, ತಿರುವುಗಳಿಗೆ ಹೊಟ್ಟೆ ತೊಳಸುವವರಿದ್ದರೆ, ಘಟ್ಟದ ಸುದ್ದಿ ಚೆನ್ನಾಗಿಲ್ಲದಿದ್ದರೆ ಈ ಸುತ್ತು ಹೇಳಿ ಮಾಡಿಸಿದ್ದು. ಮೂಡುಬಿದಿರೆ, ಕಾರ್ಕಳ, ವರಂಗ, ವೇಣೂರು ಎಲ್ಲವೂ ಘಟ್ಟದ ಬುಡದಲ್ಲೇ ಇವೆ.

ಇಲ್ಲಿ ಜಾಗದ ಸರದಿಯನ್ನು ನಿರ್ಧರಿಸುವುದು ಅಂಗಾಲು. ಕಾರ್ಕಳದ 42 ಅಡಿಯ ಗೊಮ್ಮಟ 1432ರಿಂದ ಬಂಡೆಯ ನೆತ್ತಿಯಲ್ಲಿ ನಿಂತಿದ್ದಾನೆ. ಚಪ್ಪಲಿ ಬಿಟ್ಟು ಹತ್ತಬೇಕು. ಹನ್ನೊಂದಾದರೆ ಕಲ್ಲು ಕಾದು, ಭಕ್ತಿ ಇದ್ದವರೂ ಕುಣಿಯುತ್ತ ಓಡುತ್ತಾರೆ. ಆದ್ದರಿಂದ ಮೂಡುಬಿದಿರೆಯಲ್ಲಿ ತಿಂಡಿಗೆ ಮಾತ್ರ ನಿಂತು, ಒಂಬತ್ತರೊಳಗೆ ಕಾರ್ಕಳದ ಬೆಟ್ಟದ ಮೇಲಿರಿ. ಎದುರಿಗಿನ ಚತುರ್ಮುಖ ಬಸದಿ 1586ರದ್ದು, ಒಳಗೆ ತಂಪು. ಅಲ್ಲಿಂದ ಹೆಬ್ರಿ ರಸ್ತೆಯಲ್ಲಿ ವರಂಗ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲೇ ಹೋಗಬೇಕು. ಕಾರ್ಕಳಕ್ಕೆ ಮರಳಿ ಊಟ. ಮೂರೂವರೆಗೆ ವೇಣೂರು, 1604ರ ಗೊಮ್ಮಟ. ಕೊನೆಗೆ ಇಳಿಬಿಸಿಲಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಬೆಳಿಗ್ಗೆ ಬಿಟ್ಟುಹೋದ ಜಾಗವನ್ನು ಸಂಜೆಗೆ ಇಟ್ಟುಕೊಂಡದ್ದರಿಂದ ಮನೆಗೆ ಉಳಿಯುವುದು ಬರೀ 35 ಕಿ.ಮೀ. ಚಳಿಗಾಲದಲ್ಲಾದರೆ ಆ ಸುತ್ತಿನಲ್ಲಿ ಎಲ್ಲಾದರೂ ಕಂಬಳ ಇದೆಯೇ ಎಂದು ಮೊದಲೇ ವಿಚಾರಿಸಿ.

ಎರಡು ದಿನ: ಒಂದು ಘಟ್ಟ ಹತ್ತಿ, ಇನ್ನೊಂದು ಇಳಿ

ಎರಡು ದಿನ ಇದ್ದಾಗ ಹೋದ ದಾರಿಯಲ್ಲೇ ವಾಪಸು ಬರುವುದು ದಂಡ. ಒಂದು ಘಟ್ಟ ಹತ್ತಿ ಇನ್ನೊಂದು ಇಳಿದರೆ ಸುತ್ತು ಪೂರ್ತಿಯಾಗುತ್ತದೆ. ನನಗೆ ಅತ್ಯಂತ ಮೆಚ್ಚಿನದು ಆಗುಂಬೆ–ಶೃಂಗೇರಿ–ಹೊರನಾಡು–ಕುದುರೆಮುಖದ ಸುತ್ತು. ಎರಡೂ ದಿನ ಸೇರಿ ಮುನ್ನೂರು ಕಿ.ಮೀ. ಆಸುಪಾಸು.

ಇಲ್ಲಿ ಯಾವ ದಿಕ್ಕಿನಲ್ಲಿ ತಿರುಗುತ್ತೀರಿ ಎಂಬುದೇ ಗುಟ್ಟು. ಕುದುರೆಮುಖದಿಂದ ಶುರುಮಾಡಿದರೆ ಎರಡನೇ ದಿನ ಸಂಜೆ ಆಗುಂಬೆಯಲ್ಲಿರುತ್ತೀರಿ. ಸೂರ್ಯಾಸ್ತ ನೋಡಿದರೆ ಹದಿನಾಲ್ಕು ತಿರುವುಗಳನ್ನು ಕತ್ತಲಲ್ಲಿ ಇಳಿಯಬೇಕು, ಇಳಿದುಬಿಟ್ಟರೆ ಸೂರ್ಯಾಸ್ತ ಇಲ್ಲ. ತಿರುಗಿಸಿ ಹೋದರೆ ಎರಡೂ ದಕ್ಕುತ್ತವೆ. ಮೊದಲ ದಿನ ಕಾರ್ಕಳ, ವರಂಗ, ಹೆಬ್ರಿ ನೋಡುತ್ತ ನಾಲ್ಕಕ್ಕೆ ಆಗುಂಬೆ ಹತ್ತಿ. ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ. ರಾತ್ರಿ ಆಗುಂಬೆಯಲ್ಲೋ ಶೃಂಗೇರಿಯಲ್ಲೋ ತಂಗಿ, ಘಟ್ಟ ಇಳಿಯುವ ಪ್ರಶ್ನೆಯೇ ಇಲ್ಲ.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಶೃಂಗೇರಿಯಲ್ಲಿ ದರ್ಶನ, ತುಂಗೆಯ ಮೀನು, ವಿದ್ಯಾಶಂಕರ ದೇವಾಲಯ. ಮಲೆನಾಡಿನ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಇದನ್ನು ಬೆಳಿಗ್ಗೆಯೇ ಮುಗಿಸಬೇಕು. ಮಧ್ಯಾಹ್ನಕ್ಕೆ ಹೊರನಾಡು, ಅನ್ನಪೂರ್ಣೇಶ್ವರಿಯ ಊಟ. ಮೂರಕ್ಕೆಲ್ಲ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿರಿ. ಅಲ್ಲಿ ಗಾಡಿಯ ನಂಬರು, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಕೊಟ್ಟ ಅವಧಿಯೊಳಗೆ ಆಚೆ ಗೇಟು ದಾಟಬೇಕು, ತಡವಾದರೆ ದಂಡ. ನಡುವೆ ಕಾರು ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಒಂದು ಕಾಲದಲ್ಲಿ ಇಲ್ಲಿಯ ಅದಿರು ಕೆಸರಾಗಿ ಕೊಳವೆಯಲ್ಲಿ ಹರಿದು ನಮ್ಮ ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು, ಊರು ಬಹುಪಾಲು ಖಾಲಿಯಾಯಿತು. ಆದ್ದರಿಂದ ಪೆಟ್ರೋಲು, ಊಟ, ಪಂಚರ್ ಯಾವುದಕ್ಕೂ ಅದನ್ನು ನಂಬಿಕೊಳ್ಳಬೇಡಿ. ಅದಕ್ಕೆ ಮೊದಲು ಸಿಗುವ ಕಳಸದಲ್ಲೇ ಎಲ್ಲ ಮುಗಿಸಿ. ಐದಕ್ಕೆ ಬಜಗೋಳಿ, ಆರೂವರೆ ಏಳಕ್ಕೆ ಮನೆ.

ಇದೇ ಸೂತ್ರದಲ್ಲಿ ಶಿರಾಡಿ ಹತ್ತಿ ಚಾರ್ಮಾಡಿ ಇಳಿಯಬಹುದು. ಉತ್ತರದಲ್ಲಿ ಮುರುಡೇಶ್ವರದಲ್ಲಿ ತಂಗಿ, ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಜೋಗಕ್ಕೆ ಹೋಗಿ ಬರಬಹುದು.

ಮಳೆಗಾಲದ ಲೆಕ್ಕ ಬೇರೆ

ಘಟ್ಟ ಅತ್ಯಂತ ಚೆಂದ ಕಾಣುವುದು ಮಳೆಯಲ್ಲಿ. ಅತ್ಯಂತ ಸುಲಭವಾಗಿ ಕುಸಿಯುವುದೂ ಆಗಲೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ. ಗುಡ್ಡವನ್ನು ಕಡಿದಾಗಿ ಕಡಿದು ರಸ್ತೆ ಅಗಲ ಮಾಡಿದಲ್ಲಿ, ನೀರು ಕುಡಿದು ಭಾರವಾದ ಮಣ್ಣಿಗೆ ಕೆಳಗಿನ ಆಸರೆ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ಮುಚ್ಚಿದವು. ಸಮುದ್ರದ ದಾರಿಯೂ ಇದಕ್ಕೆ ಹೊರತಲ್ಲ ಎಂದು 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರು ತೋರಿಸಿತು. ಹೆದ್ದಾರಿಯ ಬದಿಯಲ್ಲಿ ಚಾ ಕುಡಿಯಲು ನಿಂತವರ ಮೇಲೇ ಗುಡ್ಡ ಬಂತು.

ಇನ್ನೊಂದು ವಿಷಯ: ಘಟ್ಟಗಳು ಒಂದಕ್ಕೊಂದು ಜೋಡಿಸಿದ ಕೊಡಗಳಿದ್ದಂತೆ. ಶಿರಾಡಿ ಮುಚ್ಚಿದರೆ ಬೆಂಗಳೂರಿನ ವಾಹನಗಳೆಲ್ಲ ಚಾರ್ಮಾಡಿಗೆ, ಸಂಪಾಜೆಗೆ ತುಂಬಿಕೊಳ್ಳುತ್ತವೆ. ನೀವು ಹೋಗುವ ಘಟ್ಟ ತೆರೆದಿದ್ದರೆ ಸಾಲದು, ಪಕ್ಕದ್ದರ ಸುದ್ದಿಯನ್ನೂ ಕೇಳಿ. ಜಿಲ್ಲಾಧಿಕಾರಿಗಳ ಆದೇಶ ಹಿಂದಿನ ಸಂಜೆಯೂ ಬರಬಹುದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಗೊಮ್ಮಟರ ಸುತ್ತಿಗೆ ಹೋಗಿ, ಅಥವಾ ಮನೆಯಲ್ಲೇ ಪತ್ರೊಡೆ ಮಾಡಿ. ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿನಂಥ ಚಾರಣಗಳಿಗೆ ಮಳೆಗಾಲದಲ್ಲಿ ಬಿಡುವುದಿಲ್ಲ. ಕುದುರೆಮುಖ ಶಿಖರಕ್ಕೆ ಅರಣ್ಯ ಇಲಾಖೆಯ ಮುಂಗಡ ಬುಕಿಂಗ್ ಬೇಕು. ಕಾಡಿಗೆ ಇಳಿಯುವವರು ಇಂಬಳಕ್ಕೆ ಉಪ್ಪು, ಸುಣ್ಣ ಇಟ್ಟುಕೊಳ್ಳಿ.

ಗಾಡಿ, ಹಣ, ಫೋನು

ಬ್ರೇಕು, ವೈಪರ್, ಟೈರಿನ ಸವೆತ, ಸ್ಟೆಪ್ನಿಯ ಗಾಳಿ ಈ ನಾಲ್ಕನ್ನು ಹಿಂದಿನ ದಿನವೇ ನೋಡಿ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಕೂರಬೇಡಿ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಚಕ್ರ ಆರುವ ತನಕ ಕಾಯಿರಿ, ನೀರು ಹೊಯ್ಯಬೇಡಿ. ಹತ್ತಿ ಬರುವ ಗಾಡಿಗೆ ಮೊದಲ ದಾರಿ. ತಿರುವಿನಲ್ಲಿ ಹಾರ್ನ್ ಮಾಡಿ, ಓವರ್‌ಟೇಕ್ ಬೇಡ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸು, ಲೋ ಬೀಮ್ ಸಾಕು.

ಖರ್ಚಿಗೆ ಸುಲಭ ಲೆಕ್ಕ: ಲೀಟರಿಗೆ 18 ಕಿ.ಮೀ. ಕೊಡುವ ಕಾರು ಘಟ್ಟದ ಸುತ್ತಿನಲ್ಲಿ 15 ಕೊಡುತ್ತದೆ ಎಂದುಕೊಳ್ಳಿ. 300 ಕಿ.ಮೀ.ಗೆ 20 ಲೀಟರ್. ತಲಪಾಡಿ, ಬ್ರಹ್ಮರಕೂಟ್ಲು, ಹೆಜಮಾಡಿ, ಸಾಸ್ತಾನ ಮೊದಲಾದ ಕಡೆ ಟೋಲ್ ಇದೆ. ಸುರತ್ಕಲ್ಲಿನದು 2022ರ ಡಿಸೆಂಬರ್ 1ರಿಂದ ಇಲ್ಲ. ತಿಂಗಳಿಗೆರಡು ಸಲ ಸುತ್ತುವವರು 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಬಹುದು: ಶುರುವಾದಾಗ 3000 ರೂಪಾಯಿ, ಅವಧಿ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು.

ಚಾರ್ಮಾಡಿ, ಕುದುರೆಮುಖದ ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಮನೆಯವರಿಗೆ ಯಾವ ಘಟ್ಟ, ಎಷ್ಟು ಹೊತ್ತಿಗೆ ಎಂದು ಹೇಳಿಡಿ. ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033, ಯಾವುದೇ ತುರ್ತಿಗೆ 112. ಮ್ಯಾಪ್ ಹತ್ತು ಕಿ.ಮೀ. ಉಳಿಸುವ ಅಡ್ಡದಾರಿ ತೋರಿಸಿದರೆ, “ಆ ದಾರಿಯಲ್ಲಿ ಬಸ್ಸು ಹೋಗ್ತದಾ?” ಎಂದು ಒಬ್ಬ ರಿಕ್ಷಾದವರನ್ನು ಕೇಳಿ. ಬಸ್ಸು ಹೋಗದ ದಾರಿಗೆ ನಾನು ಕಾರು ಇಳಿಸುವುದಿಲ್ಲ. ಹೊರಡುವ ಮೊದಲು ಪಂಚಾಂಗವನ್ನೂ ತಿರುವಿ. ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವ, ಕುಕ್ಕೆಯಲ್ಲಿ ಚಂಪಾಷಷ್ಠಿ ಇದ್ದ ದಿನ ಆ ಕಡೆಯ ರಸ್ತೆ ಹಿಡಿದವರ ಲೆಕ್ಕವೆಲ್ಲ ತಪ್ಪುತ್ತದೆ.

ನೀರುದೋಸೆಯನ್ನು ನಾವು ಬಿಟ್ಟಿಲ್ಲ. ಈಗ ಕೊಟ್ಟಿಗೆಹಾರಕ್ಕೆ ಮೂರೂವರೆಗೆ ಬರುತ್ತೇವೆ, ಮುಕ್ಕಾಲು ಗಂಟೆ ಗಡುವು. ಯಾರಾದರೂ ಇನ್ನೊಂದು ಸುತ್ತು ಎಂದರೆ ಭಾವ ಎದ್ದು ಹೋಗಿ ಕಾರು ಸ್ಟಾರ್ಟ್ ಮಾಡುತ್ತಾರೆ. ಐದೂವರೆಗೆ ಉಜಿರೆಯಲ್ಲಿ ಚಾ. ಹಿಂದಿರುಗಿ ನೋಡಿದರೆ ಘಟ್ಟದ ತಲೆಯ ಮೇಲೆ ಮಂಜು ಇಳಿಯುತ್ತಿರುತ್ತದೆ, ಒಳಗೆಲ್ಲೋ ಲಾರಿಯೊಂದರ ಹಾರ್ನ್. ಅಕ್ಕನ ಮಗ ಈಗ ಕಾಲೇಜಿಗೆ ಹೋಗುತ್ತಾನೆ. ಚಾ ಕುಡಿಯುತ್ತ ಅವನು ಪ್ರತಿ ಸಲ ಗಡಿಯಾರ ನೋಡಿ ಹೇಳುವುದು ಒಂದೇ ಮಾತು: “ಇನ್ನೂ ಅರ್ಧ ಗಂಟೆ ಇತ್ತು ಮಾವ, ಎರಡು ದೋಸೆ ತಿನ್ನಬಹುದಿತ್ತು.”